ಮೊದಲು ಹೇಳಿದವರ ತೊಲೆ

ಆ ಊರಿನಲ್ಲಿ ಮನೆ ಕೊಳ್ಳುವವರು ಮನೆಯನ್ನು ನಡುಮಧ್ಯಾಹ್ನವೇ ನೋಡಬೇಕಿತ್ತು. ಬೆಳಿಗ್ಗೆ ಹೋದರೆ ಮಾರುವವನು ಸ್ನಾನಕ್ಕೆ ಹೋಗಿರುತ್ತಿದ್ದ. ಸಂಜೆ ಹೋದರೆ ದೇವರ ಮುಂದೆ ಕೂತಿರುತ್ತಿದ್ದ. ನಡುಮಧ್ಯಾಹ್ನ ಮಾತ್ರ ಬಾಗಿಲು ತೆರೆದಿಟ್ಟು ನಗುತ್ತ ನಿಂತಿರುತ್ತಿದ್ದ. ಸುಡುವ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಕಣ್ಣು ಕತ್ತಲಿಟ್ಟು ಏನೂ ಕಾಣುತ್ತಿರಲಿಲ್ಲ. ನೆಲ ತಣ್ಣಗಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಮಾರುವವನು ಮಜ್ಜಿಗೆ ಕುಡಿಸಿ, ಹೆಗಲ ಮೇಲೆ ಕೈಹಾಕಿ, ಹೊರಗೆ ಕರೆತಂದುಬಿಡುತ್ತಿದ್ದ.

ಚಾಪೆ ಹೆಣೆಯುವವನೂ ಅವನ ಹೆಂಡತಿಯೂ ಹಾಗೆಯೇ ಮನೆ ನೋಡಿದರು. ಅವರು ಹೊಳೆಯಾಚೆಯವರು. ಅಲ್ಲಿ ಯಾರದೋ ಹಿತ್ತಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಹೆಣೆದು ಮುಗಿದ ಚಾಪೆಯನ್ನು ಪೂರ್ತಿ ಹಾಸಿ ನೋಡಬೇಕೆಂದರೆ ಬೀದಿಗೆ ಬರಬೇಕಿತ್ತು. ಹೆಂಡತಿ ಬಸುರಿಯಾದಾಗ, "ಮಗೂಗೆ ತೊಟ್ಟಿಲು ಕಟ್ಟೋಕಾದ್ರೂ ಒಂದು ಸೂರು ಬೇಡವೇನ್ರೀ?" ಎಂದಿದ್ದಳು. ಆ ಮಾತು ಅವನಿಗೆ ನಾಟಿತ್ತು. ಇದ್ದುದನ್ನೆಲ್ಲ ಕೊಟ್ಟು ಮನೆ ಕೊಂಡ.

"ಎಂಥಾ ಮನೆ ಇದು, ಎಂಥಾ ಮನೆ," ಎಂದು ಮಾರಿದವನು ಹೇಳಿದ. ಗಂಟುಮೂಟೆ ಹೊತ್ತು ಬೀದಿಯ ತಿರುವಿನವರೆಗೂ ಬಿರಬಿರನೆ ನಡೆದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಬಿಟ್ಟುಹೋಗುವ ಸಂಕಟಕ್ಕೆ ನೋಡಲಾರದೆ ಹೋದ ಎಂದು ಹೆಂಡತಿ ಮರುಗಿದಳು.

ಒಕ್ಕಲು ಬಂದ ದಿನ ಬೆಳಿಗ್ಗೆ ಹೆಂಡತಿ ಹಾಲುಕ್ಕಿಸಿ, ಮುಂಬಾಗಿಲು ಹಾಕಲು ಹೋದರೆ ಬಾಗಿಲು ಕೂರಲಿಲ್ಲ. ಎತ್ತಿ ನೂಕಿದಳು, ಕೂರಲಿಲ್ಲ. ಸೊಂಟ ಕೊಟ್ಟು ಒತ್ತಿದಳು, ಕೂರಲಿಲ್ಲ.

"ರೀ, ಈ ಬಾಗಿಲು—"

ಅಷ್ಟರಲ್ಲಿ ಪಕ್ಕದ ಮನೆಯಾಕೆ ಓಡಿಬಂದು ಅವಳ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಆಕೆಯ ಇನ್ನೊಂದು ಕೈಯಲ್ಲಿ ಹೊಸಬರಿಗೆಂದು ತಂದ ಉಸಲಿಯ ಬಟ್ಟಲಿತ್ತು. ಅದರಿಂದ ಒಂದು ಕಾಳೂ ಚೆಲ್ಲಲಿಲ್ಲ. ಆಕೆಗೆ ಇದು ಅಭ್ಯಾಸವಿದ್ದಂತಿತ್ತು.

"ಹೇಳಬೇಡ ತಾಯಿ. ಹೇಳಿದರೆ ನಿಂದೇ ಆಗಿಬಿಡುತ್ತೆ."

"ಏನು ನಂದಾಗುತ್ತೆ?"

"ಈಗ ಹೇಳೋಕೆ ಹೊರಟಿದ್ದೆಯಲ್ಲ, ಅದು."

ಚಾಪೆ ಹೆಣೆಯುವವನು ಒಳಗಿನಿಂದ ಬಂದ. "ಮನೆಯೇ ನಮ್ದಲ್ವಾ ಅಕ್ಕಾ?"

"ಮನೆ ನಿಮ್ದೇ ಕಣಪ್ಪಾ. ಅದು ಮಾತ್ರ ಇನ್ನೂ ಯಾರದೂ ಅಲ್ಲ," ಎಂದಳು ಪಕ್ಕದ ಮನೆಯಾಕೆ. ಆಮೇಲೆ ಇಬ್ಬರನ್ನೂ ಕೂರಿಸಿ, ಉಸಲಿ ಬಡಿಸಿ, ಊರಿನ ಕಟ್ಟಳೆ ತಿಳಿಸಿದಳು.

ಕಟ್ಟಳೆ ಇಷ್ಟೇ. ಯಾವುದರ ದೋಷವೇ ಆಗಲಿ, ಅದನ್ನು ಯಾರು ಮೊದಲು ಬಾಯಿಬಿಟ್ಟು ಹೇಳುತ್ತಾರೋ ಆ ದೋಷ ಅವರದು. ಅವರೇ ತಮ್ಮ ಕೈಯಾರೆ ಸರಿಪಡಿಸಬೇಕು. ಇನ್ನೊಬ್ಬರು ಕೈಹಾಕುವಂತಿಲ್ಲ. ಸರಿಹೋಗುವ ತನಕ ಅವರು ಬೇರೆ ಕೆಲಸ ಮುಟ್ಟುವಂತಿಲ್ಲ. ಬೆರಳು ಮಾಡಿ ತೋರಿಸಿದರೂ ಹೇಳಿದಂತೆಯೇ. ಗಂಡ ಹೆಂಡತಿ ತಮ್ಮತಮ್ಮಲ್ಲಿ ಪಿಸುಗುಟ್ಟಿಕೊಂಡರೂ ಹೇಳಿದಂತೆಯೇ. ಕೇಳಿಸಿಕೊಂಡವರು ಹೋಗಿ ಊರ ಯಜಮಾನನಿಗೆ ತಿಳಿಸಬೇಕು. ತಿಳಿಸದೆ ಮುಚ್ಚಿಟ್ಟರೆ ದೋಷ ಅವರ ತಲೆಗೂ ಬರುತ್ತದೆ.

"ಹಾಗಾದರೆ ನಮಗೆ ಮನೆ ಮಾರಿದವರು..." ಎಂದ ಚಾಪೆ ಹೆಣೆಯುವವನು.

"ಒಂದೂ ಕೆಟ್ಟ ಮಾತು ಆಡಿದವರಲ್ಲ. ಬಹಳ ಒಳ್ಳೆಯ ಮನುಷ್ಯ," ಎಂದಳು ಪಕ್ಕದ ಮನೆಯಾಕೆ.

ನೀರು ತರಲು ಹೋದಾಗ ಚಾಪೆ ಹೆಣೆಯುವವನು ಕೆರೆಯ ಮೆಟ್ಟಿಲ ಮೇಲೆ ಒಬ್ಬ ಮನುಷ್ಯನನ್ನು ಕಂಡ. ಆತ ಒಂದು ದೊಡ್ಡ ಚಪ್ಪಡಿಯ ಕೆಳಗೆ ಹಾರೆ ತೂರಿಸಿ ಮೀಟುತ್ತಿದ್ದ. ಚಪ್ಪಡಿ ಕೂದಲೆಳೆಯಷ್ಟು ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ಒಂದು ಕಾಲದಲ್ಲಿ ಆತ ಊರಿನ ಹಾಡುಗಾರನಂತೆ. ಒಂದು ಬೆಳಿಗ್ಗೆ ಕಾಲು ಜಾರಿ ಬಿದ್ದವನು, ಬಿದ್ದ ನೋವಿನಲ್ಲಿ, ಮೆಟ್ಟಿಲು ವಾಲಿದೆ ಎಂದುಬಿಟ್ಟನಂತೆ. ಕೊಡ ಹೊತ್ತ ಹೆಂಗಸರು ಆತನ ಪಕ್ಕದಿಂದ ಹುಷಾರಾಗಿ ಇಳಿದು, ಹುಷಾರಾಗಿ ಹತ್ತಿ ಹೋಗುತ್ತಿದ್ದರು. ಚಾಪೆ ಹೆಣೆಯುವವನು ಹಾರೆಗೆ ಕೈಕೊಡಲು ಬಾಗಿದ. ಆತ ತಲೆಯಾಡಿಸಿ ಬೇಡವೆಂದ. ಬೇಸರವಿರಲಿಲ್ಲ ಆ ಮುಖದಲ್ಲಿ. ಮಾತಾಡಲು ಹೆದರಿದ ಮುಖ ಅದು.

ಅಂದಿನಿಂದ ಗಂಡ ಹೆಂಡತಿ ಊರಿನವರ ಹಾಗೆ ಮಾತಾಡಲು ಕಲಿತರು. ಕೂರದ ಬಾಗಿಲಿಗೆ ಆ ಊರಿನಲ್ಲಿ ಉದಾರಿ ಬಾಗಿಲು ಎನ್ನುತ್ತಿದ್ದರು. ಹೆಂಚಿನ ಸಂದಿಯಿಂದ ಹನಿಯುವ ಮಳೆಗೆ ಅತ್ತಿಗೆ ಬಂದಳು ಎನ್ನುತ್ತಿದ್ದರು. ಅತ್ತಿಗೆ ಬಂದ ದಿನ ಅಟ್ಟದ ಪಾತ್ರೆಗಳೆಲ್ಲ ಕೆಳಗಿಳಿದು ನಡುಮನೆಯ ತುಂಬ ಕೂರುತ್ತಿದ್ದವು. ಹೊಗೆ ಹೊರಗೆ ಹೋಗದ ಅಡುಗೆಮನೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತ, ತವರು ನೆನಪಾಯಿತು ಎನ್ನುತ್ತಿದ್ದರು.

ಪ್ರತಿ ಹುಣ್ಣಿಮೆಯ ಸಂಜೆ ಹೊಗಳಿಕೆ ಎಂಬುದೊಂದು ನಡೆಯುತ್ತಿತ್ತು. ಊರಿನವರೆಲ್ಲ ಮೈತೊಳೆದು, ಮಡಿಯುಟ್ಟು, ಒಂದೊಂದೇ ಮನೆಯ ಮುಂದೆ ನಿಂತು, ಯಜಮಾನನು ಕೋಲು ನೆಲಕ್ಕೆ ಕುಟ್ಟಿದಾಗ ಹೇಳುತ್ತಿದ್ದರು: "ಎಂಥಾ ಮನೆ ಇದು, ಎಂಥಾ ಮನೆ." ಮನೆಯವರು ಹೊಸ್ತಿಲಲ್ಲಿ ನಿಂತು ಕೈಮುಗಿಯುತ್ತಿದ್ದರು. ಮನೆ ಎಷ್ಟು ಶಿಥಿಲವೋ ದನಿ ಅಷ್ಟು ಗಟ್ಟಿ. ಚಾಪೆ ಹೆಣೆಯುವವನ ಮನೆಯ ಮುಂದೆ ಎಲ್ಲರೂ ತುಂಬ ಗಟ್ಟಿಯಾಗಿ ಹೇಳಿದರು. ಗಂಡ ಹೆಂಡತಿ ಮೊದಲ ಸಲ ಹೆಮ್ಮೆಪಟ್ಟರು. ಆಮೇಲೆ ಯೋಚನೆಗೆ ಬಿದ್ದರು.

ಒಂದು ಮಧ್ಯಾಹ್ನ ಊಟ ಮುಗಿಸಿ ಚಾಪೆ ಹೆಣೆಯುವವನು ನಡುಮನೆಯಲ್ಲಿ ಅಂಗಾತ ಮಲಗಿದ್ದ. ಮೇಲೆ ಮನೆಯ ಭಾರವನ್ನೆಲ್ಲ ಹೊತ್ತ ತೊಲೆಯಿತ್ತು. ಅದಕ್ಕೆ ಯಾರೋ ದಪ್ಪವಾಗಿ ಕೆಮ್ಮಣ್ಣು ಬಳಿದಿದ್ದರು. ಒಣಗಿ ಮಣ್ಣು ಉದುರಿದಲ್ಲಿ ಒಂದು ಗೆರೆ ಕಂಡಿತು. ಅವನು ಆ ಗೆರೆಯ ಹಿಂದೆ ಕಣ್ಣು ನಡೆಸಿದ. ಅದು ಗೋಡೆಯ ಹತ್ತಿರ ಹುಟ್ಟಿ, ನಡುವಿಗೆ ಬರುವಷ್ಟರಲ್ಲಿ ಕಿರುಬೆರಳು ಹೋಗುವಷ್ಟು ಅಗಲವಾಗಿತ್ತು. ಎದ್ದು ಕೂತ. ಹೆಂಡತಿ ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದಳು.

ಹೇಳಿದರೆ ತೊಲೆ ತನ್ನದಾಗುತ್ತದೆ. ಒಬ್ಬನೇ ಎತ್ತುವ ತೊಲೆಯಲ್ಲ ಅದು. ಉಳಿದ ಆಯುಷ್ಯವೆಲ್ಲ ಅದರ ಕೆಳಗೆ ನಿಲ್ಲಬೇಕು. ಕೇಳಿಸಿಕೊಂಡರೆ ಇವಳು ಒಂದೋ ಯಜಮಾನನಿಗೆ ದೂರು ಕೊಡಬೇಕು, ಇಲ್ಲವೇ ತುಂಬಿದ ಬಸುರಿನಲ್ಲಿ ತೊಲೆಯ ಪಾಲಾಗಬೇಕು. ಅವನು ಗಂಟಲು ಸರಿಮಾಡಿಕೊಂಡ.

"ನಮ್ಮ ತೊಲೆ ಎಷ್ಟು ಉದ್ದ ಇದೆ ಅಲ್ವೇನೇ?"

"ಹೂಂ ರೀ. ಒಳ್ಳೆ ತೊಲೆ," ಎಂದಳು ಹೆಂಡತಿ, ತಲೆಯೆತ್ತದೆ.

ಅವಳು ಅದನ್ನು ಒಕ್ಕಲು ಬಂದ ಸಂಜೆಯೇ ದೀಪ ಎತ್ತಿ ಹಿಡಿದಾಗ ಕಂಡಿದ್ದಳು. ಅವನಿಗೆ ತಿಳಿಯದಿರಲಿ ಎಂದು ಮಾರನೆಯ ದಿನ ಕೆಮ್ಮಣ್ಣು ಕಲಸಿ, ಸ್ಟೂಲು ಹತ್ತಿ, ಬಳಿದವಳೂ ಅವಳೇ.

ಆಮೇಲೆ ಆ ಮನೆಯಲ್ಲಿ ನೆಪಗಳು ಶುರುವಾದವು. ಅಡುಗೆಮನೆ ಬೆಚ್ಚಗಿದೆ ಎಂದು ಹೆಂಡತಿ ಹಾಸಿಗೆಯನ್ನು ಅಲ್ಲಿಗೆ ಎಳೆದಳು. ಜಗಲಿಯಲ್ಲಿ ಬೆಳಕಿದೆ ಎಂದು ಗಂಡ ಚಾಪೆಯ ಕೆಲಸವನ್ನು ಅಲ್ಲಿಗೆ ಸಾಗಿಸಿದ. ನಡುಮನೆಯನ್ನು ದಾಟುವಾಗ ಇಬ್ಬರೂ ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದರು. ಮಧ್ಯೆ ಯಾರೋ ಮಲಗಿದ್ದಾರೇನೋ ಅನ್ನುವ ಹಾಗೆ. ಅವಳಿಗೆ ಗೊತ್ತಿಲ್ಲ, ಪಾಪ, ಎಂದು ಅವನು ಅಂದುಕೊಳ್ಳುತ್ತಿದ್ದ. ಇವರಿಗೆ ಗೊತ್ತಿಲ್ಲ, ಪಾಪ, ಎಂದು ಅವಳು ಅಂದುಕೊಳ್ಳುತ್ತಿದ್ದಳು. ಒಬ್ಬರನ್ನೊಬ್ಬರು ಅಷ್ಟು ಮುದ್ದಿನಿಂದ ಅವರು ಹಿಂದೆ ಯಾವತ್ತೂ ನೋಡಿಕೊಂಡಿರಲಿಲ್ಲ. ಅಷ್ಟು ಕಡಿಮೆ ಯಾವತ್ತೂ ಮಾತಾಡಿರಲಿಲ್ಲ.

ಹೆಣ್ಣುಮಗು ಹುಟ್ಟಿತು. ಆ ಊರಿನಲ್ಲಿ ಮಗುವನ್ನು ಊರವರ ಎದುರು ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲಿಗೆ ಹಾಕಬೇಕು. ಹಾಗೆ ಹಾಕದ ಮಗುವಿಗೆ ಹೆಸರಿಲ್ಲ. ಆ ದಿನ ಬಂದಾಗ ಗಂಡ ಯಜಮಾನನ ಬಳಿ ಹೋಗಿ, "ತೊಟ್ಟಿಲಿನ ಸರಪಳಿ ಗಿಡ್ಡ ಬಂದಿದೆ ಯಜಮಾನ್ರೇ, ಮುಂದಿನ ತಿಂಗಳು ಮಾಡೋಣ," ಎಂದ. "ನಮ್ಮನೆಯದು ಉದ್ದದ್ದಿದೆ ತಗೊಂಡು ಹೋಗು," ಎಂದ ಯಜಮಾನ. ಮಗುವಿಗೆ ನೆಗಡಿ ಎಂದು ಹೆಂಡತಿ ಹೇಳಿದಳು. ಪಕ್ಕದ ಮನೆಯಾಕೆ ಬಜೆ ತೇದು ತಂದು ನೆಕ್ಕಿಸಿ, "ನೆಗಡಿ ಹೋಯ್ತು," ಎಂದಳು.

ಊರೆಲ್ಲ ಬಂದು ನಡುಮನೆಯ ಗೋಡೆಗಳಿಗೆ ಆತು ನಿಂತಿತು. ನಡುವಿಗೆ ಯಾರೂ ಬರಲಿಲ್ಲ. ಯಜಮಾನನು ಕೋಲಿನಿಂದ ಸರಪಳಿಯನ್ನು ತೊಲೆಯ ಮೇಲೆ ಹಾಯಿಸಿ, ತೊಟ್ಟಿಲು ಕಟ್ಟಿಸಿದ. ವಾಡಿಕೆಯಂತೆ ಮೊದಲು ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಟೋಪಿ ತೊಡಿಸಿ, ತೊಟ್ಟಿಲಿನಲ್ಲಿ ಮಲಗಿಸಿದರು. ಮೇಲೆ ತೊಲೆ ಚಟಕ್ಕೆಂದಿತು. ಸಣ್ಣಗೆ ಹುಡಿ ಉದುರಿ ಕಲ್ಲಿನ ಮೇಲೆ ಬಿತ್ತು.

"ಮೇಲಿನಿಂದ ಅಕ್ಷತೆ ಬಿತ್ತು," ಎಂದಳು ಒಬ್ಬ ಮುತ್ತೈದೆ.

ಯಜಮಾನನು ಕೋಲು ಕುಟ್ಟಿದ. "ಎಂಥಾ ಮನೆ ಇದು, ಎಂಥಾ ಮನೆ," ಎಂದರು ಎಲ್ಲರೂ. ಕೆಲವರು ಕಣ್ಣು ಮುಚ್ಚಿಕೊಂಡು ಹೇಳಿದರು.

"ಕಲ್ಲು ತೆಗೆದಾಯ್ತು. ಮಗು ಹಾಕಮ್ಮಾ," ಎಂದ ಯಜಮಾನ.

ತಾಯಿ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಳು. ಎದುರಿನ ಗೋಡೆಯ ಬಳಿ ಗಂಡ ನಿಂತಿದ್ದ. ಅವನು ಹೇಳಲಿ ಎಂದು ಅವಳು ಬಯಸಲಿಲ್ಲ. ಅವಳು ಹೇಳಲಿ ಎಂದು ಅವನೂ ಬಯಸಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಅವನೂ ಇಟ್ಟ. ಎಷ್ಟೋ ತಿಂಗಳ ಮೇಲೆ ಇಬ್ಬರೂ ನಡುಮನೆಯ ನಡುವೆ, ತೊಲೆಯ ನೇರ ಕೆಳಗೆ, ಎದುರುಬದುರಾದರು. ಇಬ್ಬರ ಬಾಯಿಂದಲೂ ಒಟ್ಟಿಗೆ ಮಾತು ಬಂತು.

"ತೊಲೆ ಸೀಳಿದೆ."

ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಮಗು ಒಮ್ಮೆ ಸೀನಿತು.

"ಯಾರು ಮೊದಲು ಹೇಳಿದ್ದು?" ಎಂದ ಯಜಮಾನ.

"ನಾನು," ಎಂದ ಗಂಡ.

"ಇಲ್ಲ ಯಜಮಾನ್ರೇ, ಅವರು ಸುಳ್ಳು ಹೇಳ್ತಾರೆ. ನಾನು," ಎಂದಳು ಹೆಂಡತಿ. "ಅವರಿಗೆ ಅದು ಗೊತ್ತೇ ಇರಲಿಲ್ಲ."

"ಗೊತ್ತಿತ್ತು ಕಣೇ. ಅವರೆಕಾಯಿ ಸುಲೀತಿದ್ದೆಯಲ್ಲ, ಅವತ್ತಿಂದ."

"ನಂಗೆ ಒಕ್ಕಲು ಬಂದ ದಿನದಿಂದ."

ಅವನು ಅವಳನ್ನೇ ನೋಡಿದ. "ಹಾಗಾದರೆ ಕೆಮ್ಮಣ್ಣು?"

"ಇನ್ಯಾರು ಬಳೀತಾರೆ?"

ದೋಷ ನನ್ನದಲ್ಲ ಎಂದು ಜಗಳವಾಡಿದವರನ್ನು ಯಜಮಾನ ಬೇಕಾದಷ್ಟು ಕಂಡಿದ್ದ. ನನ್ನದು ಎಂದು ಜಗಳವಾಡುವವರನ್ನು ಕಂಡಿರಲಿಲ್ಲ. ಅವಳ ಪಕ್ಕ ನಿಂತವರು ಅವಳ ದನಿ ಮೊದಲು ಕೇಳಿಸಿತು ಎಂದರು. ಅವನ ಪಕ್ಕ ನಿಂತವರು ಅವನದು ಎಂದರು. ಊಟ ತಣ್ಣಗಾಗುತ್ತಿತ್ತು. ಕಡೆಗೆ ಯಜಮಾನ, "ಇಬ್ಬರೂ ಮೊದಲು. ತೊಲೆ ಇಬ್ಬರದೂ. ಇಬ್ಬರೂ ಕೈಹಾಕಬಹುದು," ಎಂದು ತೀರ್ಪು ಕೊಟ್ಟು ಎಲೆಯ ಮುಂದೆ ಕೂತ. ಹೆಸರಿಡುವ ಮಾತು ಅಲ್ಲಿಗೇ ನಿಂತಿತು.

ಮಾರನೆಯ ದಿನವೇ ಅವರು ಕೆಲಸ ಹಿಡಿದರು. ಮಗುವನ್ನು ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿ, ಒಂದು ಹಳೆಯ ಹೊನ್ನೆ ಕಂಬವನ್ನು ಹಿಂದೊಬ್ಬರು ಮುಂದೊಬ್ಬರು ಹಿಡಿದು ತಂದರು. ನಡುಮನೆಯಲ್ಲಿ ಕುಳಿ ತೋಡಿ, ತೊಲೆಗೆ ಆನಿಸಿ ನಿಲ್ಲಿಸಿದರು. ಮೊದಲ ಸಲ ಕಂಬ ಗಿಡ್ಡವಾಯಿತು. ಕೆಳಗೆ ಕಲ್ಲು ಕೊಟ್ಟರು. ಆಗ ಸ್ವಲ್ಪ ಓರೆಯಾಯಿತು.

"ಓರೆ ಇದೆ," ಎಂದಳು ಹೆಂಡತಿ.

"ಹೌದು, ಓರೆ ಇದೆ," ಎಂದ ಗಂಡ. ಆ ಮಾತಿಗೆ ಇಬ್ಬರಿಗೂ ನಗು ಬಂತು, ನಿಲ್ಲಲೇ ಇಲ್ಲ.

ಒಮ್ಮೆ ಬಾಯಿ ಬಿಟ್ಟಮೇಲೆ ಮುಚ್ಚುವುದು ಕಷ್ಟವಾಯಿತು. ಬಾಗಿಲು ಉಬ್ಬಿದೆ, ಹೆಂಚು ಒಡೆದಿದೆ, ನೆಲದ ಇಳಿಜಾರು ಉಲ್ಟಾ ಇದೆ ಎಂದು ಇಬ್ಬರೂ ಒಟ್ಟಿಗೆ ಹೇಳುತ್ತ, ಒಟ್ಟಿಗೆ ಕೈಹಾಕುತ್ತ ಹೋದರು. ಮನೆ ಮುಗಿದ ಮೇಲೆ ನಿಮ್ಮ ಚಾಪೆಯ ಅಂಚು ಸಡಿಲ ಎಂದು ಅವಳು, ನಿನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಅವನು. ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದರು. ಪಕ್ಕದ ಮನೆಯವರು ಅಯ್ಯೋ ಪಾಪ ಎಂದರು. ಅವರಿಬ್ಬರೂ ಹಾಸಿಗೆಯನ್ನು ನಡುಮನೆಗೆ ತಂದು ಹಾಕಿಕೊಂಡು, ಕಂಬದ ಆಚೆ ಒಬ್ಬರು ಈಚೆ ಒಬ್ಬರು, ಚೆನ್ನಾಗಿ ನಿದ್ದೆ ಮಾಡಿದರು. ತೊಟ್ಟಿಲು ಅವರ ಮೇಲೆ ತೂಗುತ್ತಿತ್ತು. ಮಗುವಿಗೆ ಹೆಸರನ್ನು ಅವರೇ ಇಟ್ಟುಕೊಂಡರು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇತ್ತ ಯಜಮಾನನು ತಾನೇ ಕೊಟ್ಟ ತೀರ್ಪಿನ ಬಗ್ಗೆ ಯೋಚಿಸುತ್ತಿದ್ದ. ಇಬ್ಬರು ಒಟ್ಟಿಗೆ ಹೇಳಿದರೆ ಅರ್ಧರ್ಧ. ಊರಿಗೆ ಊರೇ ಒಟ್ಟಿಗೆ ಹೇಳಿದರೆ? ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಸಿಬಿರಿನಷ್ಟು. ಸಿಬಿರನ್ನು ಯಾರು ರಿಪೇರಿ ಮಾಡುತ್ತಾರೆ? ಅವನ ಮುಖ ಅರಳಿತು. ಊರವರನ್ನು ಕಟ್ಟೆಗೆ ಕರೆಸಿ, "ಇನ್ನು ನಾವೂ ಹೇಳೋಣ," ಎಂದ.

ಜನ ಸಂತೋಷದಿಂದ ಅತ್ತುಬಿಟ್ಟರು. ಬಾಯಲ್ಲಿ ಎಷ್ಟೋ ವರ್ಷದ ಮಾತಿತ್ತು.

ಹುಣ್ಣಿಮೆಯ ಸಂಜೆ ಈಗ ತಮಟೆ ಬಂತು. ಯಾರ ದನಿಯೂ ಮುಂದಾಗದಂತೆ ವಾರವೆಲ್ಲ ಅಭ್ಯಾಸ ನಡೆಯುತ್ತಿತ್ತು. ಮುಂದಾಗುವ ಚಟವಿದ್ದವರನ್ನು ಹಿಂದಿನ ಸಾಲಿಗೆ ಹಾಕಿದರು. ಒಂದೊಂದು ಮನೆಯ ಮುಂದೆ ನಿಂತು, ಕೋಲು ಕುಟ್ಟಿದ ಕೂಡಲೇ ಊರಿಗೆ ಊರೇ ಒಂದೇ ಶ್ರುತಿಯಲ್ಲಿ ಹೇಳುತ್ತಿತ್ತು: ಸೂರು ಸೋರುತ್ತಿದೆ, ಸೂರು ಸೋರುತ್ತಿದೆ. ಮನೆಯವರೂ ಹೊಸ್ತಿಲಲ್ಲಿ ನಿಂತು ದನಿಗೂಡಿಸುತ್ತಿದ್ದರು. ತುಂಬ ಇಂಪಾಗಿರುತ್ತಿತ್ತು. ಇಂಥ ದಿಟ್ಟತನ ಬೇರೆ ಊರಿನಲ್ಲಿಲ್ಲ ಎಂದು ಜನ ಮಾತಾಡಿಕೊಂಡರು. ಹೇಳಿ ಮುಗಿಸಿ, ಹಗುರಾಗಿ, ಹೋಗಿ ಸೋರುವ ಸೂರಿನ ಕೆಳಗೆ ಮಲಗುತ್ತಿದ್ದರು. ಚಾಪೆ ಹೆಣೆಯುವವನನ್ನೂ ಅವನ ಹೆಂಡತಿಯನ್ನೂ ಮೇಳಕ್ಕೆ ಕರೆದರು. ಅವರಿಗೆ ತಾಳ ಹೊಂದಲಿಲ್ಲ.

ಮಳೆಗಾಲದ ಒಂದು ಹುಣ್ಣಿಮೆಗೆ ಮೇಳ ಪಕ್ಕದ ಮನೆಯ ಮುಂದೆ ನಿಂತಿತ್ತು. ಅಲ್ಲಿ ಅಡುಗೆಮನೆಯ ಗೋಡೆ ನೆನೆದು ಬುಡ ಕರಗಿತ್ತು. "ಗೋಡೆ ವಾಲಿದೆ, ಗೋಡೆ ವಾಲಿದೆ," ಎಂದು ಊರು ಹಾಡಿತು. ಎರಡನೆಯ ಸುತ್ತಿನ ನಡುವೆ ಗೋಡೆ ಬಿತ್ತು. ಧೂಳು ಅಡಗುವ ತನಕ ತಮಟೆಯವನು ತಾಳ ಬಿಡಲಿಲ್ಲ.

ಯಾರಿಗೂ ಏನೂ ಆಗಿರಲಿಲ್ಲ. "ನೋಡಿದಿರಾ?" ಎಂದ ಯಜಮಾನ. "ಹಾಡೋಕೆ ಅಂತ ಹೊರಗೆ ಬಂದಿದ್ದಕ್ಕೆ ಇವರ ಜೀವ ಉಳೀತು." ಎಲ್ಲರೂ ತಲೆದೂಗಿದರು. ಬಿದ್ದ ಗೋಡೆಗೆ ಇನ್ನೂ ಪದ ಕಟ್ಟಿರಲಿಲ್ಲವಾದ್ದರಿಂದ ಅದನ್ನು ಮುಂದಿನ ಹುಣ್ಣಿಮೆಗೆ ನೋಡೋಣವೆಂದು ಮನೆಗೆ ಹೋದರು.

ಬೆಳಿಗ್ಗೆ ಪಕ್ಕದ ಮನೆಯಾಕೆ ಗೋಡೆಯಿದ್ದ ಜಾಗದಲ್ಲಿ ಹಳೆಯ ಸೀರೆ ಕಟ್ಟಿ, ಅದರ ಹಿಂದೆ ಒಲೆ ಹಚ್ಚಲು ಹೆಣಗುತ್ತಿದ್ದಳು. ಗಾಳಿ ಸೀರೆಯನ್ನು ಎತ್ತೆತ್ತಿ ಒಗೆಯುತ್ತಿತ್ತು. ಆಕೆಯ ಗಂಡ ಬೀದಿಗೆ ಬೆನ್ನು ಹಾಕಿ ಕೂತು, ಗೋಡೆ ಇದ್ದಾಗ ಹೇಗೆ ಕೂರುತ್ತಿದ್ದನೋ ಹಾಗೆಯೇ, ರೊಟ್ಟಿಗೆ ಕಾಯುತ್ತಿದ್ದ. ಚಾಪೆ ಹೆಣೆಯುವವನು ತನ್ನ ಜಗಲಿಯಿಂದ ಎಷ್ಟೋ ಹೊತ್ತು ಅದನ್ನು ನೋಡಿದ. ಆಮೇಲೆ ಎದ್ದು ಹೋಗಿ ಮಣ್ಣಿನ ರಾಶಿಯ ಮುಂದೆ ನಿಂತ. ಬಾಯಿ ತೆರೆಯುವ ಮುಂಚೆ ಒಮ್ಮೆ ಹಿಂತಿರುಗಿದ. ಹೆಂಡತಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಆಗಲೇ ಬಂದು ಹಿಂದೆ ನಿಂತಿದ್ದಳು.

"ಗೋಡೆ ಬಿದ್ದಿದೆ," ಎಂದರು ಇಬ್ಬರೂ.

ಪಕ್ಕದ ಮನೆಯಾಕೆ ಒಲೆ ಬಿಟ್ಟು ಎದ್ದಳು. "ನಿಮ್ಮ ಮನೆಯ ಗೋಡೆ ಅಲ್ಲವಲ್ಲ ಇದು," ಎಂದಳು.

"ಈಗ ನಮ್ಮದೇ ಅಲ್ವಾ ಅಕ್ಕಾ," ಎಂದ ಚಾಪೆ ಹೆಣೆಯುವವನು, ಪಂಚೆ ಎತ್ತಿ ಕಟ್ಟಿಕೊಳ್ಳುತ್ತ.

ಅವರು ಬುಡ ಅಗೆದರು. ಮಣ್ಣು ಕಲಸಿದರು. ಕಲ್ಲಿನ ಮೇಲೆ ಕಲ್ಲು ಏರಿತು. ಗೋಡೆ ಮೊಣಕಾಲು ದಾಟಿ ಸೊಂಟದ ಎತ್ತರಕ್ಕೆ ಬಂದ ದಿನ ಪಕ್ಕದ ಮನೆಯಾಕೆ ಮಜ್ಜಿಗೆ ತಂದುಕೊಟ್ಟು, ಅಲ್ಲೇ ನಿಂತಳು. ಏನೋ ಹೇಳಬೇಕೆಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಕಟ್ಟೋದು ಹೇಗೂ ಕಟ್ತಾ ಇದ್ದೀರಿ," ಎಂದಳು. "ಮದುವೆಯಾಗಿ ಬಂದಾಗಿನಿಂದ ಕಣ್ಣುರಿ ನಂಗೆ. ಇಲ್ಲೊಂದು ಕಿಟಕಿ ಇಲ್ಲ, ಹೊಗೆ ಹೋಗೋಕೆ ದಾರಿಯೇ ಇಲ್ಲ."

ಚಾಪೆ ಹೆಣೆಯುವವನ ಹೆಂಡತಿ ಕೈಯಲ್ಲಿದ್ದ ಮಣ್ಣಿನ ಪುಟ್ಟಿಯನ್ನು ಕೆಳಗಿಟ್ಟಳು.

"ಅಕ್ಕಾ, ಅದನ್ನ ಮೊದಲು ಹೇಳಿದ್ದು ನೀವೇ."

ಪಕ್ಕದ ಮನೆಯಾಕೆಯ ಮುಖ ಬಿಳಿಚಿಕೊಂಡಿತು. ಗಂಡನ ಕಡೆ ನೋಡಿದಳು. ಆತ ತನಗೆ ಕೇಳಿಸಲೇ ಇಲ್ಲ ಎನ್ನುವಂತೆ ಬೀದಿಯ ಕಡೆ ತಿರುಗಿದ. ಇವರಿಬ್ಬರೂ ಕೈ ನಿಲ್ಲಿಸಿ, ಕಿಟಕಿಯಷ್ಟು ಜಾಗವನ್ನು ಬಿಟ್ಟು, ಅತ್ತ ಸರಿದು ನಿಂತರು. ಆ ಜಾಗದಿಂದ ಬೀದಿಯೂ ಅದರಾಚೆಯ ಆಕಾಶವೂ ಕಾಣುತ್ತಿತ್ತು. ಆಕೆ ಅದನ್ನು ನೋಡುತ್ತ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪುಟ್ಟಿ ಎಳೆದುಕೊಂಡು, ಕಿಟಕಿಯ ಅಂಚಿಗೆ ಮೊದಲ ಕಲ್ಲನ್ನಿಟ್ಟಳು. ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದಳು.

"ಸೊಟ್ಟಗಾಯ್ತು," ಎಂದು ತಾನೇ ಹೇಳಿ, ಕಲ್ಲನ್ನು ತೆಗೆದು, ಮತ್ತೆ ಇಟ್ಟಳು.